ರಮೇಶ ಶೆಟ್ಟಿ ಎಷ್ಟು ಜನ?

ಮುಂಬಯಿ ಕನ್ನಡಿಗರಿಗೆ ಸಂಘ ಕಟ್ಟುವ ಹವ್ಯಾಸ ಹಳೆಯದು. ಮೊಗವೀರ ವ್ಯವಸ್ಥಾಪಕ ಮಂಡಳಿ ಹುಟ್ಟಿದ್ದು 1902ರಲ್ಲಿ, ಮಾಟುಂಗದ ಮೈಸೂರು ಅಸೋಸಿಯೇಶನ್ 1926ರಲ್ಲಿ. ಅವು ದುಡಿದು ಹೆಸರು ಮಾಡಿದ ಸಂಸ್ಥೆಗಳು, ಅವುಗಳ ತಂಟೆ ನನಗೆ ಬೇಡ. ನಾನು ಹೇಳಹೊರಟಿರುವುದು ಆಮೇಲೆ ಮಳೆಗಾಲದ ಅಣಬೆಗಳ ಹಾಗೆ ಎದ್ದವುಗಳ ಕಥೆ: ಊರಿಗೊಂದು, ಉಪನಗರಕ್ಕೊಂದು, ಭಜನೆಗೊಂದು, ಯಕ್ಷಗಾನಕ್ಕೊಂದು, ಇದ್ದ ಸಂಘದಲ್ಲಿ ಜಗಳವಾಡಿ ಎದ್ದುಬಂದವರಿಗೊಂದು. ಇಂಥದೊಂದು ಸಂಘ ತನ್ನ ಸದಸ್ಯರ ಪಟ್ಟಿಯನ್ನು ‘ಸರಿ ಮಾಡಿಸಬೇಕು’ ಎಂದು ತೀರ್ಮಾನಿಸಿತು. ಸಂಘದ ಹೆಸರು ಕೇಳಬೇಡಿ. ನಿಮ್ಮದೇ ಅಂದುಕೊಂಡರೂ ಹೆಚ್ಚು ತಪ್ಪಾಗಲಾರದು.

ಸರಿ ಮಾಡಲು ಸಿಕ್ಕಿದ್ದು ಸದಸ್ಯರೊಬ್ಬರ ಮಗಳು, ಬಿಎಸ್ಸಿ ಐಟಿ ಓದುತ್ತಿರುವವಳು. ‘ಮಗಳು ಕಂಪ್ಯೂಟರ್ ಕಲೀತಿದ್ದಾಳೆ’ ಎಂದು ಅಪ್ಪ ಹೆಮ್ಮೆಯಿಂದ ಹೇಳಿದ್ದೇ ತಪ್ಪಾಯಿತು. ಸಂಘದ ಭಾಷೆಯಲ್ಲಿ ಕಂಪ್ಯೂಟರ್ ಕಲಿಯುವುದೆಂದರೆ ಕೈಕೊಟ್ಟ ಪ್ರಿಂಟರನ್ನು ಎರಡು ಬಾರಿ ತಟ್ಟಿ ಎಬ್ಬಿಸುವುದು. ಆದರೆ ಹುಡುಗಿ ಆ ಸೆಮಿಸ್ಟರಿನಲ್ಲಿ ನಿಜವಾಗಿಯೂ ಡೇಟಾಬೇಸ್ ಓದಿದ್ದಳು. ಪಾಪ, ಓದಿದ್ದನ್ನು ನಂಬಿಯೂ ಇದ್ದಳು.

ನಮ್ಮ ಶಹರದಲ್ಲಿ ಡೇಟಾಬೇಸ್ ವಿನ್ಯಾಸ ಕಲಿಸುವ ವಿಧಾನವೇ ಒಂದು ಸೊಗಸು. ಪ್ರಾಕ್ಟಿಕಲ್ ಪರೀಕ್ಷೆಗೆ ಕೂರಬೇಕಾದರೆ ಜರ್ನಲ್ ಸರ್ಟಿಫೈ ಆಗಿರಬೇಕು. ಜರ್ನಲ್ ಬರೆಯುವುದು ಅಂದರೆ ಹಿಂದಿನ ವರ್ಷದವರ ಜರ್ನಲ್ ನಕಲು ಮಾಡುವುದು. ಅವರು ಅದಕ್ಕೂ ಹಿಂದಿನವರದನ್ನು ನಕಲು ಮಾಡಿದ್ದರು. ಹೀಗಾಗಿ ‘ಒಂದು ಮಾಹಿತಿಯನ್ನು ಒಂದೇ ಕಡೆ ಬರೆದಿಡಬೇಕು, ಎರಡನೆಯ ಕಡೆ ಬರೆಯುವುದು ದೋಷ’ ಎಂಬ ವಾಕ್ಯವನ್ನು ತರಗತಿಯ ಅಷ್ಟೂ ಜನ ನೀಲಿ ಪೆನ್ನಿನಲ್ಲಿ ಬರೆಯುತ್ತಾರೆ, ಮೇಡಮ್ ಕೆಂಪು ಪೆನ್ನಿನಲ್ಲಿ ಅಷ್ಟಕ್ಕೂ ಸಹಿ ಹಾಕುತ್ತಾರೆ, ಪರೀಕ್ಷೆ ಮುಗಿದ ಮೇಲೆ ಅಷ್ಟೂ ರದ್ದಿಗೆ ಹೋಗುತ್ತವೆ. ನಕಲು ಮಾಡುವಾಗ ಒಬ್ಬ ‘ಒಂದೇ’ ಎಂಬುದನ್ನು ಬಿಟ್ಟರೆ ಅವನ ನಂತರದ ಪೀಳಿಗೆಗಳೆಲ್ಲ ಅದನ್ನು ಬಿಟ್ಟೇ ಕಲಿಯುತ್ತವೆ. ಪಾಠಕ್ಕಿಂತ ಒಳ್ಳೆಯ ಉದಾಹರಣೆ ಪಾಠ ಮಾಡುವ ರೀತಿಯಲ್ಲೇ ಇದ್ದರೂ ಅದು ಸಿಲೆಬಸ್ಸಿನಲ್ಲಿ ಇಲ್ಲದ್ದರಿಂದ ಯಾರಿಗೂ ಕಾಣುವುದಿಲ್ಲ.

ಒಂದೇ ಕಡೆ ಬರೆದಿಡಬೇಕೆಂಬ ಈ ಸಿದ್ಧಾಂತದ ಮೂಲಪುರುಷ ಎಡ್ಗರ್ ಎಫ್. ಕಾಡ್. ಇಂಗ್ಲೆಂಡಿನಲ್ಲಿ ಹುಟ್ಟಿ, ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ವಾಯುಪಡೆಯಲ್ಲಿ ವಿಮಾನ ಹಾರಿಸಿ, ಅಮೆರಿಕಕ್ಕೆ ಹೋಗಿ ಐಬಿಎಂ ಸೇರಿದವನು. 1970ರಲ್ಲಿ ಅವನೊಂದು ಪ್ರಬಂಧ ಬರೆದ. ಅಲ್ಲಿಯವರೆಗೆ ಕಂಪ್ಯೂಟರಿನಲ್ಲಿ ಮಾಹಿತಿ ಇಡುತ್ತಿದ್ದದ್ದು ಹೆಚ್ಚಾಗಿ ವಂಶವೃಕ್ಷದ ಹಾಗೆ: ಮೇಲೊಬ್ಬ ಯಜಮಾನ, ಅವನ ಕೆಳಗೆ ನಾಲ್ವರು, ಅವರ ಕೆಳಗೆ ಇನ್ನಷ್ಟು. ಐಬಿಎಂನ ಐಎಂಎಸ್ ಎಂಬ ಸಾಫ್ಟ್‌ವೇರ್ ಇದೇ ಜಾತಿಯದು. ಚಂದ್ರನಿಗೆ ಹೋದ ಅಪೊಲೊ ರಾಕೆಟ್ಟಿನ ಬಿಡಿಭಾಗಗಳ ಲೆಕ್ಕ ಇಡಲು ಹುಟ್ಟಿದ್ದು ಅದು. ಅದರಲ್ಲಿ ಒಂದು ಮಾಹಿತಿ ಬೇಕಾದರೆ ಅದು ಯಾವ ಕೊಂಬೆಯ ಯಾವ ಟಿಸಿಲಿನಲ್ಲಿದೆ ಎಂದು ಗೊತ್ತಿರಬೇಕು. ಗೊತ್ತಿರುವವನೊಬ್ಬ ಕಛೇರಿಯಲ್ಲಿ ಇರುತ್ತಾನೆ, ಅವನ ಕೈಕಾಲು ಹಿಡಿಯಬೇಕು. ಕಾಡ್ ಹೇಳಿದ್ದು ಇಷ್ಟು: ಎಲ್ಲವನ್ನೂ ಸಪಾಟಾದ ಕೋಷ್ಟಕಗಳಲ್ಲಿಡಿ. ಪ್ರತಿ ಸಾಲಿಗೂ ಒಂದು ಗುರುತು ಇರಲಿ. ಒಂದು ಕೋಷ್ಟಕಕ್ಕೂ ಇನ್ನೊಂದಕ್ಕೂ ನಂಟು ಆ ಗುರುತಿನ ಮೂಲಕವೇ ಇರಲಿ. ಬೇಕಾದವನು ‘ಏನು ಬೇಕು’ ಅಂತ ಕೇಳಲಿ ಸಾಕು, ‘ಎಲ್ಲಿದೆ’ ಅಂತ ಹುಡುಕುವುದು ಯಂತ್ರದ ಪಾಡು.

ಅರ್ಥಾತ್, ಒಳಗಿನ ದಾರಿ ಬಲ್ಲವನ ಕೈಕಾಲು ಹಿಡಿಯುವ ಅಗತ್ಯವಿಲ್ಲ. ಇಷ್ಟು ಅಪಾಯಕಾರಿ ಮಾತನ್ನು ಐಬಿಎಂ ತಕ್ಷಣ ಒಪ್ಪಲಿಲ್ಲ. ಐಎಂಎಸ್ ಚೆನ್ನಾಗಿ ದುಡ್ಡು ತರುತ್ತಿತ್ತು. ಕಾಡ್‌ನ ಪ್ರಬಂಧ ಓದಿ ಅದನ್ನು ಮಾರಾಟದ ಸರಕು ಮಾಡಿ 1979ರಲ್ಲಿ ಮಾರುಕಟ್ಟೆಗೆ ಇಳಿಸಿದ್ದು ಲ್ಯಾರಿ ಎಲಿಸನ್‌ನ ಕಂಪನಿ, ಈಗಿನ ಒರೇಕಲ್. ಆ ಮೊದಲ ಸರಕಿಗೆ ‘ಎರಡನೆಯ ಆವೃತ್ತಿ’ ಎಂದು ಹೆಸರಿಟ್ಟು ಮಾರಿದರು. ಮೊದಲ ಆವೃತ್ತಿ ಎಂಬುದು ಮಾರುಕಟ್ಟೆ ಕಂಡೇ ಇರಲಿಲ್ಲ. ಮೊದಲ ವರ್ಷವೇ ‘ದ್ವಿತೀಯ ವಾರ್ಷಿಕೋತ್ಸವ’ ಮಾಡುವ ನಮ್ಮ ಸಂಘದವರು ಇದನ್ನು ಕೇಳಿದರೆ ಎಲಿಸನ್ನನಿಗೆ ಶಾಲು ಹೊದೆಸುತ್ತಿದ್ದರು.

ಹುಡುಗಿ ಪಟ್ಟಿ ತೆರೆದಳು. ಎಕ್ಸೆಲ್ ಹಾಳೆ. ಮೊದಲು ಕಂಡದ್ದು ರಮೇಶ ಶೆಟ್ಟಿ. ಅದರ ಕೆಳಗೆ ರಮೇಶ್ ಕೆ. ಶೆಟ್ಟಿ. ಸ್ವಲ್ಪ ಕೆಳಗೆ ಕೆ. ರಮೇಶ್ ಶೆಟ್ಟಿ. ಆಮೇಲೆ ಆರ್. ಕೆ. ಶೆಟ್ಟಿ; ಕರೆಂಟ್ ಬಿಲ್ಲಿನಿಂದ ಎತ್ತಿದ ಶೆಟ್ಟಿ ರಮೇಶ್ ಕೃಷ್ಣ; ಕಾಪು ರಮೇಶ್ ಶೆಟ್ಟಿ; ಹೋಟೆಲ್ ರಮೇಶ; ಮತ್ತು ಬರೀ ‘ರಮೇಶಣ್ಣ, ಭಾಂಡುಪ್’.

“ಅಂಕಲ್, ಇವರೆಲ್ಲ ಒಬ್ಬರೇನಾ?”

ಗೌರವ ಪ್ರಧಾನ ಕಾರ್ಯದರ್ಶಿಗಳು ಕನ್ನಡಕ ಏರಿಸಿ ಪರದೆಗೆ ಬೆರಳಿಟ್ಟರು. “ಇದೂ ಇದೂ ಒಬ್ಬರೇ. ಇದು ಅವರ ಭಾವ. ಇದು ತೀರಿಹೋದ್ರು. ಇದು ಮೊದಲನೆಯವರೇ, ಆದ್ರೆ ಹೆಂಡ್ತಿ ಮನೆ ವಿಳಾಸ. ಇದು ಯಾರೂಂತ ನನಗೂ ಗೊತ್ತಿಲ್ಲ. ಆದ್ರೆ ಸ್ಮರಣ ಸಂಚಿಕೆಗೆ ಜಾಹೀರಾತು ಕೊಡ್ತಾರೆ, ತೆಗೀಬೇಡ ಮಗಾ.”

ಕಾಡ್ ಪಂಡಿತನ ಮೊದಲ ಪಾಠ ಇಲ್ಲಿಯೇ ಮುಗ್ಗರಿಸಿತು. ಗುರುತು ಅನ್ನುವುದು ಪ್ರತಿಯೊಬ್ಬರಿಗೂ ಬೇರೆಯಾಗಿರಬೇಕು, ಖಾಲಿ ಇರಬಾರದು, ಬದಲಾಗಬಾರದು. ಹೆಸರು ಈ ಮೂರರಲ್ಲಿ ಒಂದನ್ನೂ ಪಾಲಿಸುವುದಿಲ್ಲ. ಫೋನ್ ನಂಬರು? ಇಡೀ ಮನೆಗೆ ಸೊಸೆಯದೊಂದೇ ನಂಬರು ಕೊಟ್ಟಿದ್ದಾರೆ, ಯಾಕೆಂದರೆ ಚಂದಾ ಕೇಳಿ ಫೋನ್ ಬಂದರೆ ಅವಳಿಗೆ ಕನ್ನಡ ಬರುವುದಿಲ್ಲ. ಸದಸ್ಯತ್ವ ಸಂಖ್ಯೆ ಇದೆಯಲ್ಲ ಅಂತ ನೋಡಿದರೆ, ಸಂಖ್ಯೆ 1 ಮೂವರಿಗಿತ್ತು. ಮೂವರೂ ಸ್ಥಾಪಕರು. ಯಾರಿಗೆ 2 ಕೊಟ್ಟಿದ್ದರೂ ಆವತ್ತೇ ಇನ್ನೊಂದು ಸಂಘ ಹುಟ್ಟುತ್ತಿತ್ತು. ಜ್ಯೋತಿಷಿ ಹೇಳಿದ 9 ಬೇಕೆಂದು ಹಟ ಹಿಡಿದವರಿಗಾಗಿ 9ಎ, 9ಬಿ ಕೂಡ ಇದ್ದವು.

ಹೆಸರನ್ನು ನಂಬಿ ಕೆಟ್ಟವರು ಸಂಘದವರು ಮಾತ್ರವಲ್ಲ, ಅಂಚೆಯವರೂ ಹೌದು. 1972ರ ಆಗಸ್ಟ್ 15ರಂದು ದೇಶಕ್ಕೆ ಪಿನ್ ಕೋಡ್ ಬಂತು. ಅದನ್ನು ರೂಪಿಸಿದವರು ಕೇಂದ್ರದ ಸಂಪರ್ಕ ಇಲಾಖೆಯಲ್ಲಿದ್ದ ಶ್ರೀರಾಮ ಭಿಕಾಜಿ ವೇಲಣಕರ್. ಸಂಸ್ಕೃತದಲ್ಲಿ ಕಾವ್ಯ, ನಾಟಕ ಬರೆದ ಕೊಂಕಣದ ಮನುಷ್ಯ. ಒಂದೇ ಹೆಸರಿನ ಊರು ಹತ್ತು, ಒಂದೇ ಊರಿಗೆ ಕಾಗುಣಿತ ಹದಿನಾರು, ಬರೆಯುವ ಲಿಪಿ ಇನ್ನೆಷ್ಟೋ. ಕವಿಯಾದವರು ಊರ ಹೆಸರಿನ ಮೋಹಕ್ಕೆ ಬೀಳದೆ ಆರು ಅಂಕಿ ಕೊಟ್ಟು ಕೈತೊಳೆದುಕೊಂಡರು. ಮಾಟುಂಗವನ್ನು ಮಾಡುಂಗಾ ಅನ್ನಿ, ಮಾಟುಂಗಾ ಅನ್ನಿ, 400019 ಅಂತಿದ್ದರೆ ಕಾಗದ ಮುಟ್ಟುತ್ತದೆ. ಡಬ್ಬಾವಾಲಾಗಳೂ ಅಷ್ಟೆ. 1890ರ ಸುಮಾರಿಗೆ ಶುರುವಾದ ಅವರ ವ್ಯವಹಾರದಲ್ಲಿ ಡಬ್ಬದ ಮುಚ್ಚಳದ ಮೇಲೆ ಹತ್ತಿಸುವ ಸ್ಟೇಷನ್, ಇಳಿಸುವ ಸ್ಟೇಷನ್, ಕಟ್ಟಡ, ಮಾಳಿಗೆ ಇಷ್ಟಕ್ಕೇ ಗುರುತು. ಉಣ್ಣುವವನ ಹೆಸರೇ ಇಲ್ಲ. ಅವರ ಮೇಲೆ ಮ್ಯಾನೇಜ್‌ಮೆಂಟ್ ಪಂಡಿತರು ಬರೆದ ಹೊಗಳಿಕೆಯನ್ನೆಲ್ಲ ಪೇರಿಸಿದರೆ ವಿರಾರ್ ಫಾಸ್ಟ್ ಲೋಕಲ್ ತುಂಬೀತು, ಅದರ ಬಗ್ಗೆ ನಾನು ಬೇರೆ ಹೇಳುವುದಿಲ್ಲ. ಆದರೆ ಡಬ್ಬಾವಾಲಾಗಳಲ್ಲಿ ಯಾರೂ ಜರ್ನಲ್ ಬರೆದವರಲ್ಲ ಎಂಬುದಷ್ಟನ್ನು ಗಮನಿಸಿ.

ಹೆಸರು ಬದಲಾಗುವುದರಲ್ಲಿ ಈ ಶಹರವನ್ನು ಮೀರಿಸುವವರಿಲ್ಲ. ವಿಕ್ಟೋರಿಯಾ ಟರ್ಮಿನಸ್ 1996ರಲ್ಲಿ ಛತ್ರಪತಿ ಶಿವಾಜಿ ಟರ್ಮಿನಸ್ ಆಯಿತು. 2017ರಲ್ಲಿ ನಡುವೆ ‘ಮಹಾರಾಜ್’ ಸೇರಿತು, ಸಿಎಸ್‌ಟಿ ಹೋಗಿ ಸಿಎಸ್‌ಎಂಟಿ ಬಂತು. 2018ರಲ್ಲಿ ಎಲ್ಫಿನ್‌ಸ್ಟನ್ ರೋಡ್ ಪ್ರಭಾದೇವಿಯಾಯಿತು. 2024ರಲ್ಲಿ ಇನ್ನಷ್ಟು ಸ್ಟೇಷನ್ನುಗಳ ಹೆಸರು ಬದಲಿಸಲು ರಾಜ್ಯ ಸರ್ಕಾರ ತೀರ್ಮಾನಿಸಿತು. ಮಾಟುಂಗದ ನಮ್ಮವರೆಲ್ಲ ಇಳಿಯುವ ಕಿಂಗ್ಸ್ ಸರ್ಕಲ್‌ಗೆ ತೀರ್ಥಂಕರ ಪಾರ್ಶ್ವನಾಥರ ಹೆಸರು. ಆ ಸರ್ಕಲ್ಲಿನ ಉದ್ಯಾನಕ್ಕೆ ಮಹೇಶ್ವರಿ ಉದ್ಯಾನ ಅಂತ ಹೆಸರಿಟ್ಟು ಎಷ್ಟೋ ಕಾಲವಾಗಿದ್ದರೂ ಟ್ಯಾಕ್ಸಿಯವನಿಗೆ ಹಾಗೆ ಹೇಳಿದರೆ ಅವನು ನಿಮ್ಮನ್ನು ಹೊಸಬರೆಂದು ತಿಳಿದು ಸುತ್ತುದಾರಿ ಹಿಡಿಯುತ್ತಾನೆ. ನನಗೆ ಬ್ರಿಟಿಷ್ ಗವರ್ನರರ ಮೇಲೆ ಮಮಕಾರವೇನೂ ಇಲ್ಲ. ನನ್ನ ತಕರಾರು ಇಷ್ಟೆ: ಗುರುತಿಗೆ ರಾಜಕೀಯ ಬೆರೆಸಿದರೆ ಪ್ರತಿ ಚುನಾವಣೆಗೂ ಬೋರ್ಡು, ಟಿಕೆಟ್ಟು, ನಕ್ಷೆ, ಅನೌನ್ಸ್‌ಮೆಂಟು ಎಲ್ಲವನ್ನೂ ತಿದ್ದಬೇಕು, ಪೇಂಟರನ ಹೊರತು ಯಾರಿಗೂ ಪ್ರಯೋಜನವಿಲ್ಲ.

ಇನ್ನು ಅಡ್ಡಹೆಸರಿನ ವಿಚಾರ. ಇದು ನಮ್ಮ ಕಡೆಯವರಿಗಷ್ಟೇ ಸೇರಿದ ಪೀಕಲಾಟ. ಮಹಾರಾಷ್ಟ್ರದ ಫಾರಮ್ಮುಗಳಲ್ಲಿ ಹೆಸರಿಗೆ ಮೂರು ಚೌಕ: ಸ್ವಂತ ಹೆಸರು, ತಂದೆಯ ಅಥವಾ ಗಂಡನ ಹೆಸರು, ಅಡ್ಡಹೆಸರು. ನಡುವಿನ ಚೌಕವೇ ನೋಡಿ, ಒಂದೇ ಮನೆಯಲ್ಲಿ ಇಬ್ಬರು ಬಾಡಿಗೆದಾರರು. ಮದುವೆಯಾದ ದಿನ ಅಪ್ಪ ಖಾಲಿ ಮಾಡುತ್ತಾನೆ, ಗಂಡ ಒಕ್ಕಲಾಗುತ್ತಾನೆ. ಹಳೆಯ ದಾಖಲೆಗಳಲ್ಲೆಲ್ಲ ಅಪ್ಪನೇ ಕೂತಿರುತ್ತಾನೆ. 2024ರ ಮೇ 1ರಂದು ಮತ್ತು ಆನಂತರ ಹುಟ್ಟಿದ ಮಕ್ಕಳಿಗೆ ತಾಯಿಯ ಹೆಸರೂ ಸೇರಬೇಕೆಂದು ರಾಜ್ಯ ಸರ್ಕಾರ ನಿರ್ಧರಿಸಿತು. ಒಳ್ಳೆಯ ನಿರ್ಧಾರವೇ, ತಡವಾಯಿತು ಅಷ್ಟೆ. ಆದರೆ ಕೋಷ್ಟಕಕ್ಕೆ ಕಾಲಮ್ಮು ಸೇರಿಸಲು ಮಂತ್ರಿಮಂಡಲ ಸಭೆ ಸೇರಿದ ಉದಾಹರಣೆ ಕಾಡ್‌ಗೂ ಸಿಕ್ಕಿರಲಾರದು.

ಈಗ ಈ ಮೂರು ಚೌಕದ ಮುಂದೆ, ವಂಶ ತಾಯಿಯ ಕಡೆಯಿಂದ ಸಾಗುವ ಅಳಿಯಸಂತಾನದ ಹಿರಿಯರೊಬ್ಬರನ್ನು ನಿಲ್ಲಿಸಿ. ಅಪ್ಪ ಹೆಗ್ಡೆ, ಮಗ ಶೆಟ್ಟಿ. ತಾಯಿಯ ಕಡೆಯಿಂದ ಬಂದ ಬಳಿ ಎಂಬ ಕುಲ, ತಾಯಿಯ ಕಡೆಯ ಮನೆತನ. ಮದರಾಸು ಸರ್ಕಾರವೇ 1949ರಲ್ಲಿ ಇದಕ್ಕೊಂದು ಕಾಯ್ದೆ ಮಾಡಿತ್ತು. ಕೌಂಟರಿನ ಗುಮಾಸ್ತನಿಗೆ ಮಾತ್ರ ಗೊತ್ತಿರುವುದು ಒಂದೇ ಅವಲಂಬನೆ: ಅಪ್ಪನ ಅಡ್ಡಹೆಸರು ತಿಳಿದರೆ ಮಗನದು ತಿಳಿದ ಹಾಗೆ. ಡೇಟಾಬೇಸ್ ಪುಸ್ತಕ ಹೇಳುವುದು, ಇಂಥ ಅವಲಂಬನೆಗಳನ್ನು ಕಾಲಮ್ಮು ನೋಡಿ ಊಹಿಸಬಾರದು, ಆ ಜನರ ಬದುಕು ಕೇಳಿ ತಿಳಿಯಬೇಕು ಎಂದು. ಗುಮಾಸ್ತ ಕೇಳುವ ಪ್ರಶ್ನೆ ಬೇರೆ: “ವಡೀಲ್ ಹೆಗ್ಡೆ, ಮುಲ್ಗಾ ಶೆಟ್ಟಿ? ದತ್ತಕ ಆಹೇ ಕಾಯ್?” ಹಿರಿಯರು ಕಟಪಾಡಿಯಿಂದ ಶುರುಮಾಡಿ ಮಾವ, ಅಜ್ಜಿ, ಕುಟುಂಬದ ಮನೆ ಎಲ್ಲ ವಿವರಿಸಿದರು. ಹಿಂದಿನ ಸಾಲಿನವರು ಗೊಣಗಿದರು. ಕೊನೆಗೆ ಗುಮಾಸ್ತನೇ ದಾರಿ ಹುಡುಕಿದ. ಅಪ್ಪನನ್ನೂ ಶೆಟ್ಟಿ ಮಾಡಿದ. ತೀರಿಹೋಗಿ ಎಷ್ಟೋ ವರ್ಷವಾದ ಹೆಗ್ಡೆಯವರು ಮುಂಬಯಿಯ ಒಂದು ಕಛೇರಿಯ ಕಪಾಟಿನಲ್ಲಿ ಶೆಟ್ಟಿಯಾಗಿ ಪುನರ್ಜನ್ಮ ಪಡೆದಿದ್ದಾರೆ.

ವಿಳಾಸಕ್ಕೆ ಬನ್ನಿ. ಒಂದು ಚೌಕದಲ್ಲಿ ಒಂದೇ ಸಂಗತಿ ಇರಬೇಕು ಎಂಬುದು ಮೊದಲ ನಿಯಮ. ಪಟ್ಟಿಯಲ್ಲಿದ್ದ ಒಂದು ಚೌಕ ಹೀಗಿತ್ತು: ‘ರೂಮ್ ನಂ. 6, ಚಾಳ್ ನಂ. 3, ಪೊಲೀಸ್ ಚೌಕಿ ಹಿಂದೆ, ಅಂಬಾ ಮಂದಿರದ ಹತ್ತಿರ, ಭಾಂಡುಪ್ ಪಶ್ಚಿಮ, ಈಗ ಮಗನ ಜೊತೆ ಮೀರಾ ರೋಡ್, ಮೇ ತಿಂಗಳು ಊರಲ್ಲಿ, ಕಾರ್ಡು ಕೆಳಗಿನ ಪಾನ್ ಅಂಗಡಿಯಲ್ಲಿ ಕೊಟ್ಟರೆ ಸಾಕು.’ ಚಾಳ್ ಕೆಡವಿ ಟವರ್ ಎಬ್ಬಿಸಿದ್ದಾರೆ, ಚೌಕಿ ರಸ್ತೆಯ ಆಚೆ ಬದಿಗೆ ಹೋಗಿದೆ, ಪಾನ್ ಅಂಗಡಿ ಮಾತ್ರ ಭದ್ರವಾಗಿದೆ. ಹುಡುಗಿ ಇದನ್ನು ಎಂಟು ಕಾಲಮ್ಮಾಗಿ ಒಡೆಯಲು ಹೊರಟಾಗ ಕಾರ್ಯದರ್ಶಿಗಳು ನಕ್ಕರು. ಮಹಾನಗರಪಾಲಿಕೆಯನ್ನೇ ನೋಡು ಅಂದರು. ಅದೂ ನಿಜ. ವಾರ್ಡುಗಳಿಗೆ ಎ, ಬಿ, ಸಿ ಅಂತ ಅಕ್ಷರ ಕೊಟ್ಟವರು ಐ, ಜೆ, ಒ, ಕ್ಯೂ ಬಿಟ್ಟು ಟಿ ಮುಟ್ಟಿದರು. ಜನ ಹೆಚ್ಚಾದಾಗ ಹೊಸ ಅಕ್ಷರ ಹುಡುಕದೆ ಇದ್ದದ್ದರ ಪಕ್ಕದಲ್ಲಿ ಗೆರೆ ಎಳೆದು ದಿಕ್ಕು ಬರೆದರು. ಮಾಟುಂಗದ ನಮ್ಮವರು ಎಫ್/ಉತ್ತರ. ಒಂದು ಚೌಕದಲ್ಲಿ ಅಕ್ಷರ, ಗೆರೆ, ದಿಕ್ಕು. ಎಫ್ ಯಾವುದು, ಯಾತರ ಉತ್ತರ ಎಂಬುದು ಎಫ್/ಉತ್ತರದಲ್ಲಿರುವವರಿಗೂ ಗೊತ್ತಿಲ್ಲ.

ಈ ಹೊತ್ತಿಗೆ ಹುಡುಗಿಗೆ ನಿಜವಾದ ಪಾಠ ಶುರುವಾಯಿತು ಅನ್ನಿಸುತ್ತದೆ. ಒಂದು ಮಾತು ಎರಡು ಕಡೆ ಇದ್ದರೆ ಕೆಡುಕು ಅಂತ ಪುಸ್ತಕ ಹೇಳುತ್ತದೆ. ಆದರೆ ಯಾರಿಗೆ ಕೆಡುಕು? ರಮೇಶ ಶೆಟ್ಟರು ಐದು ಸಾಲಿನಲ್ಲಿದ್ದರೆ ಐದು ಆಮಂತ್ರಣ ಪತ್ರಿಕೆ ಅಚ್ಚಾಗುತ್ತವೆ. ಅಚ್ಚಿನ ಗುತ್ತಿಗೆ ಖಜಾಂಚಿಯ ಷಡ್ಕನದು. ಸದಸ್ಯರ ಸಂಖ್ಯೆ ದೊಡ್ಡದಾಗಿ ಕಂಡರೆ ಬೆಂಗಳೂರಿನಿಂದ ಅನುದಾನ ಕೇಳುವಾಗ ದನಿ ದಪ್ಪಗಾಗುತ್ತದೆ. ಮಹಾಸಭೆಗೆ ಕೋರಂ ಬೇಕಾದಾಗ ತೀರಿಹೋದವರೂ ಬೆರಳೆತ್ತುತ್ತಾರೆ. ನಕಲು ಅನ್ನುವುದು ಅಜಾಗರೂಕತೆಯ ಮಗು ಅಂತ ಕಾಡ್ ತಿಳಿದಿದ್ದ. ಅವನಿಗೆ ಸಾರ್ವಜನಿಕ ಜೀವನದ ಅನುಭವ ಸಾಲದು.

ದೊಡ್ಡವರ ಮನೆಯ ದೋಸೆಯೂ ತೂತೇ. 2025ರ ನವೆಂಬರಿನಲ್ಲಿ ಮುಂಬಯಿ ಪಾಲಿಕೆ ಚುನಾವಣೆಯ ಕರಡು ಮತದಾರರ ಪಟ್ಟಿ ಹೊರಬಿದ್ದಾಗ ಒಂದಕ್ಕಿಂತ ಹೆಚ್ಚು ಬಾರಿ ಕಾಣಿಸಿಕೊಂಡ ನಮೂದುಗಳು 11 ಲಕ್ಷದಷ್ಟಿದ್ದವು. ಅದರಲ್ಲಿ ಎಷ್ಟು ಜನ ನಿಜವಾದ ಅವಳಿ, ಎಷ್ಟು ಜನ ಒಂದೇ ಹೆಸರಿನ ಬೇರೆ ಬೇರೆ ಮನುಷ್ಯರು ಅಂತ ಮನೆಮನೆಗೆ ಹೋಗಿ ನೋಡಬೇಕಾಯಿತು. ವಿರೋಧ ಪಕ್ಷ ಕೂಗಿದ್ದು ಕೂಗಿದ್ದೇ. ಆದರೆ ತನ್ನ ಕ್ಷೇತ್ರದ ನಕಲುಗಳೆಲ್ಲ ಎದುರಾಳಿಯವೇ ಎಂದು ಪ್ರತಿ ಪಕ್ಷಕ್ಕೂ ಖಾತ್ರಿಯಿತ್ತು, ತನ್ನವು ಇರಬಹುದೆಂಬ ಸಂಶಯ ಒಬ್ಬರಿಗೂ ಬರಲಿಲ್ಲ. ಹೆಂಗಸರಿಗೆಂದೇ 2024ರಲ್ಲಿ ತಂದ ‘ಲಾಡಕಿ ಬಹೀಣ್’ ಯೋಜನೆ ಇನ್ನೂ ಚೆಂದ. ತಿಂಗಳಿಗೆ 1500 ರೂಪಾಯಿ. ಮುಂದಿನ ವರ್ಷ ಪರಿಶೀಲಿಸಿದಾಗ 14 ಸಾವಿರಕ್ಕೂ ಹೆಚ್ಚು ಗಂಡಸರು ಮುದ್ದಿನ ತಂಗಿಯರಾಗಿ ಹಣ ತೆಗೆದುಕೊಂಡಿದ್ದು ಗೊತ್ತಾಯಿತು. ಲಿಂಗದ ಕಾಲಮ್ಮಿಗೆ ಒಂದು ಸಾಲಿನ ಷರತ್ತು ಬರೆದರೆ ಯಂತ್ರವೇ ತಡೆಯುತ್ತದೆ, ಎರಡನೇ ವರ್ಷದ ಮಕ್ಕಳು ಜರ್ನಲಿನಲ್ಲಿ ಅದನ್ನು ಬರೆದೂ ಇರುತ್ತಾರೆ. ಚುನಾವಣೆ ಎದುರಿಗಿದ್ದಾಗ ಷರತ್ತು ಬರೆಯುವ ಪುರುಸೊತ್ತು ಯಾರಿಗಿರುತ್ತದೆ? ಬಲ್ಲವರಿಗೆ ಇಲ್ಲಿ ಬರವೇನೂ ಇಲ್ಲ. ಸಾಫ್ಟ್‌ವೇರ್ ಕಂಪನಿ ಟಿಸಿಎಸ್ ಹುಟ್ಟಿದ್ದು ಇದೇ ಶಹರದಲ್ಲಿ, 1968ರಲ್ಲಿ. ಅಂಧೇರಿಯ ರಫ್ತು ವಲಯ ಸೀಪ್ಝ್ 1973ರದ್ದು. ಇಲ್ಲಿನ ಮಕ್ಕಳು ಅರ್ಧ ಜಗತ್ತಿನ ಬ್ಯಾಂಕುಗಳ ಕೋಷ್ಟಕಗಳನ್ನು ಅಚ್ಚುಕಟ್ಟು ಮಾಡಿಕೊಟ್ಟು, ಸಂಜೆ ಲೋಕಲ್ ಹಿಡಿದು ಮನೆಗೆ ಬಂದು, ಮತದಾರರ ಪಟ್ಟಿಯಲ್ಲಿ ತಮ್ಮ ಹೆಸರು ಎಷ್ಟು ಕಡೆ ಇದೆ ಅಂತ ಹುಡುಕುತ್ತಾರೆ.

ಆ ವಿದ್ಯೆ ಕಲಿಸುವ ವಿಶ್ವವಿದ್ಯಾಲಯದ ಕಥೆಯನ್ನೂ ಹೇಳಿಬಿಡುತ್ತೇನೆ. 2017ರಲ್ಲಿ ಮುಂಬಯಿ ವಿಶ್ವವಿದ್ಯಾಲಯ 17 ಲಕ್ಷಕ್ಕೂ ಹೆಚ್ಚು ಉತ್ತರ ಪತ್ರಿಕೆಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರ್ ಪರದೆಯ ಮೇಲೆ ತಿದ್ದಿಸಲು ಹೊರಟಿತು. ವಿದ್ಯಾರ್ಥಿಯ ಮುಖ್ಯ ಪತ್ರಿಕೆ ಒಂದು ಕೋಷ್ಟಕ, ಅವನು ಎದ್ದು ನಿಂತು ಕೇಳಿ ಪಡೆದ ಸಪ್ಲಿಮೆಂಟು ಇನ್ನೊಂದು. ಎರಡಕ್ಕೂ ನಂಟು ಗಟ್ಟಿ ಇರಬೇಕು. ಅಪ್ಪನಿಲ್ಲದ ಸಪ್ಲಿಮೆಂಟು ಇರಕೂಡದು. ಇದನ್ನೇ ಪುಸ್ತಕ ‘ಫಾರಿನ್ ಕೀ’ ಅನ್ನುತ್ತದೆ, ಐದು ಮಾರ್ಕಿನ ಪ್ರಶ್ನೆ. ಆ ವರ್ಷ ಸಪ್ಲಿಮೆಂಟುಗಳು ಒಂದು ದಾರಿ, ಮುಖ್ಯ ಪತ್ರಿಕೆಗಳು ಒಂದು ದಾರಿ ಹಿಡಿದವು. ಫಲಿತಾಂಶ ತಿಂಗಳುಗಟ್ಟಲೆ ತಡವಾಯಿತು, ಉತ್ತರ ಪತ್ರಿಕೆಗಳು ಕಾಣೆಯಾದವು, ಅಕ್ಟೋಬರಿನಲ್ಲಿ ಕುಲಾಧಿಪತಿಗಳಾದ ರಾಜ್ಯಪಾಲರು ಕುಲಪತಿಯನ್ನೇ ವಜಾ ಮಾಡಿದರು. ನಂಟು ಸರಿಪಡಿಸುವ ಬದಲು ವಿಶ್ವವಿದ್ಯಾಲಯ ಸಪ್ಲಿಮೆಂಟು ಕೊಡುವುದನ್ನೇ ನಿಲ್ಲಿಸಲು ಹೊರಟಿತು. ಪ್ರಶ್ನೆಗೆ ಉತ್ತರ ಹೊಳೆಯದಿದ್ದರೆ ಪ್ರಶ್ನೆಯನ್ನೇ ಹೊಡೆದು ಹಾಕುವ ಈ ಕ್ರಮಕ್ಕೆ ವಿದ್ಯಾರ್ಥಿಗಳಿಗೆ ಯಾಕೋ ಮಾರ್ಕು ಕೊಡುವುದಿಲ್ಲ.

ಸಂಘಕ್ಕೆ ಹಿಂತಿರುಗೋಣ. ಹುಡುಗಿ ಸತ್ತ ಸದಸ್ಯರ ಸಾಲುಗಳನ್ನು ತೆಗೆಯಲು ಹೊರಟಳು. ಖಜಾಂಚಿ ಓಡಿಬಂದರು. ಯಾರು ಎಷ್ಟು ದೇಣಿಗೆ ಕೊಟ್ಟರು ಎಂಬುದನ್ನೂ ಅದೇ ಸಾಲಿನಲ್ಲಿ ಬರೆದಿಟ್ಟಿದ್ದಾರೆ. ಸಾಲು ಹೋದರೆ ದೇಣಿಗೆಯ ಲೆಕ್ಕವೂ ಹೋಗುತ್ತದೆ. ಪುಸ್ತಕದಲ್ಲಿ ಈ ದೋಷಕ್ಕೊಂದು ಹೆಸರಿದೆ, ಪರಿಹಾರವೂ ಇದೆ: ಸದಸ್ಯರದು ಒಂದು ಕೋಷ್ಟಕ, ದೇಣಿಗೆಯದು ಬೇರೆ. ಖಜಾಂಚಿಗೆ ಹಿಡಿಸಲಿಲ್ಲ. ದೇಣಿಗೆ ಪ್ರತ್ಯೇಕವಾಗಿ ಒಂದು ಕಡೆ ಕೂತರೆ ಕೂಡಿ ನೋಡುವುದು ಸುಲಭ. ಅಷ್ಟು ಸುಲಭವಾಗುವುದು ಬೇಡ ಎಂಬುದು ಅವರ ಇಂಗಿತ, ಬಾಯಿಬಿಟ್ಟು ಹೇಳಿದ್ದು ಮಾತ್ರ ಬೇರೆ: “ದಾನಿಗಳ ಹೆಸರು ಹಾಲಿನಲ್ಲೇ ಉಂಟಲ್ಲ.” ತಲೆಯೆತ್ತಿ ನೋಡಿದರೆ ಹೌದು. ಫ್ಯಾನಿನ ಮೂರು ರೆಕ್ಕೆಗಳಿಗೂ ಒಬ್ಬರೇ ದಾನಿಯ ಹೆಸರು, ಮೂರು ಸಲ, ಎಣ್ಣೆ ಬಣ್ಣದಲ್ಲಿ. ಫ್ಯಾನು ತಿರುಗುವಾಗ ಒಂದನ್ನೂ ಓದಲಾಗುವುದಿಲ್ಲ. ಹಾಗಾಗಿ ಆ ದಾನಿಗಳು ಸಭೆಗೆ ಬಂದ ದಿನ ಎಷ್ಟೇ ಸೆಕೆ ಇದ್ದರೂ ಭಾಷಣ ಮುಗಿಯುವ ತನಕ ಅದೊಂದು ಫ್ಯಾನು ಹಾಕುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಗಲಾಟೆ ಎದ್ದದ್ದು ಕಾಡ್‌ನ ಇನ್ನೊಂದು ಮಾತಿನಿಂದ. ಕೋಷ್ಟಕದ ಸಾಲುಗಳಿಗೆ ಕ್ರಮವಿಲ್ಲ ಎಂದಿದ್ದ ಅವನು. ಯಾವ ಸಾಲು ಮೇಲೆ, ಯಾವುದು ಕೆಳಗೆ ಎಂಬುದಕ್ಕೆ ಅರ್ಥವೇ ಇಲ್ಲ, ಎಲ್ಲವೂ ಸಮಾನ. ಹುಡುಗಿ ಇದನ್ನು ನಂಬಿ ಕಾರ್ಯಕಾರಿ ಸಮಿತಿಯ ಪಟ್ಟಿಯನ್ನು ಹೇಗೆ ಬಂತೋ ಹಾಗೆ ಪ್ರಿಂಟ್ ತೆಗೆದಳು. ಜೊತೆ ಕಾರ್ಯದರ್ಶಿ ಮೊದಲು, ಅಧ್ಯಕ್ಷರು ಎರಡನೆಯ ಪುಟದ ಕೊನೆಗೆ. ಸಂಜೆ ಸಂಘದ ಕಛೇರಿಯಲ್ಲಿ ಚಹಾ ತಣ್ಣಗಾಯಿತು. ಮುಂಬಯಿಯಲ್ಲಿ ಆಮಂತ್ರಣ ಪತ್ರಿಕೆ ಅನ್ನುವುದು ಸಾಹಿತ್ಯ ಪ್ರಕಾರ. ದೀಪ ಪ್ರಜ್ವಲನೆ ಯಾರು, ಗೌರವ ಉಪಸ್ಥಿತಿ ಯಾರು, ಶುಭಾಶಂಸನೆ ಯಾರು, ಯಾರ ಫೋಟೊ ಎಷ್ಟು ಅಗಲ ಎಂಬುದರ ಮೇಲೆ ಸಂಸಾರಗಳು ನಿಂತಿವೆ. ಎಲ್ಲ ಸಾಲು ಸಮಾನ ಎನ್ನುವ ಶಾಸ್ತ್ರ ಅಲ್ಲಿ ನಡೆಯುವುದಿಲ್ಲ. ಹುಡುಗಿ ಅಕಾರಾದಿ ಮಾಡಿದಳು. ಅದರಿಂದ ಅಶೋಕ ಎಂಬವರು ಅಗ್ರಪೂಜೆ ಪಡೆದರು, ವಿಶ್ವನಾಥ ಎಂಬ ಅಧ್ಯಕ್ಷರು ತಳ ಸೇರಿದರು. ಕೊನೆಗೆ ‘ಹಿರಿತನ’ ಅಂತ ಒಂದು ಕಾಲಮ್ಮು ಹಾಕಿ ಪ್ರತಿಯೊಬ್ಬರಿಗೂ ಅಂಕಿ ಕೊಡಿ ಎಂದು ಸಮಿತಿಯನ್ನೇ ಕೇಳಿದಳು. ಅದಕ್ಕೊಂದು ಉಪಸಮಿತಿ ಮಾಡಿದರು. ಉಪಸಮಿತಿ ಇನ್ನೂ ಸಭೆ ಸೇರಿಲ್ಲ, ಯಾರ ಹೆಸರಿನಲ್ಲಿ ಸಭೆ ಕರೆಯಬೇಕೆಂಬುದು ಇತ್ಯರ್ಥವಾಗಿಲ್ಲ.

ಹುದ್ದೆಗಳ ವಿಷಯದಲ್ಲಿ ಅವಳು ಒಂದಿಷ್ಟು ಜಯ ಸಾಧಿಸಿದಳು ಅನ್ನಬೇಕು. ಹಳೆಯ ಹಾಳೆಯಲ್ಲಿ ‘ಹುದ್ದೆ 1’, ‘ಹುದ್ದೆ 2’, ‘ಹುದ್ದೆ 3’ ಎಂದು ಬಲಗಡೆಗೆ ಬೆಳೆಯುತ್ತ ಹೋಗಿತ್ತು. ಪ್ರತಿ ವರ್ಷ ಒಬ್ಬರಾದರೂ ಹೊಸ ಕಾಲಮ್ಮಿಗೆ ಕಾರಣರಾಗುತ್ತಿದ್ದರು. ಅವಳು ಪುಸ್ತಕದಲ್ಲಿದ್ದ ಹಾಗೆ ಹುದ್ದೆಗಳಿಗೇ ಬೇರೆ ಕೋಷ್ಟಕ ಮಾಡಿದಳು: ಸದಸ್ಯ ಸಂಖ್ಯೆ, ಹುದ್ದೆ, ಎಂದಿನಿಂದ, ಎಂದಿನವರೆಗೆ. ಒಬ್ಬರಿಗೆ ಎಷ್ಟು ಹುದ್ದೆಯಾದರೂ ಇರಲಿ, ಸಾಲು ಕೆಳಗೆ ಬೆಳೆಯುತ್ತದೆ, ಕಾಲಮ್ಮು ಬೆಳೆಯುವುದಿಲ್ಲ. ಎಲ್ಲರಿಗೂ ಸಂತೋಷವಾಯಿತು. ಹುದ್ದೆಗೆ ಮಿತಿಯಿಲ್ಲ ಎಂಬ ಶಾಸ್ತ್ರಾಧಾರ ಅವರಿಗೆ ಮೊದಲ ಬಾರಿ ಸಿಕ್ಕಿತ್ತು. ‘ಎಂದಿನಿಂದ’ ಪಟಪಟನೆ ತುಂಬಿತು. ಅಧಿಕಾರ ಸ್ವೀಕರಿಸಿದ ತಾರೀಕು, ತಿಥಿ, ಮುಹೂರ್ತ ಎಲ್ಲವನ್ನೂ ನೆನಪಿಟ್ಟಿದ್ದರು. ‘ಎಂದಿನವರೆಗೆ’ ಮೇಲಿನಿಂದ ಕೆಳಗೆ ಖಾಲಿ.

ಖಾಲಿ ಚೌಕಕ್ಕೆ ಕಾಡ್ ಬಹಳ ತಲೆ ಕೆಡಿಸಿಕೊಂಡಿದ್ದ. 1990ರ ತನ್ನ ಪುಸ್ತಕದಲ್ಲಿ ಖಾಲಿಗಳನ್ನು ಎರಡು ಜಾತಿ ಮಾಡಿದ: ಉತ್ತರ ಇದೆ ಆದರೆ ಸದ್ಯಕ್ಕೆ ತಿಳಿದಿಲ್ಲ ಎಂಬ ಖಾಲಿ ಒಂದು, ಈ ಪ್ರಶ್ನೆಯೇ ಇವರಿಗೆ ಅನ್ವಯಿಸುವುದಿಲ್ಲ ಎಂಬ ಖಾಲಿ ಇನ್ನೊಂದು. ಬೇರೆ ಪಂಡಿತರು ಇದು ಅತಿಯಾಯಿತು ಅಂದರು. ನಮ್ಮ ಸಂಘದ ಅಧ್ಯಕ್ಷರ ಚೌಕ ನೋಡಿದ್ದರೆ ಹಾಗೆ ಅನ್ನುತ್ತಿರಲಿಲ್ಲ. ಅವಧಿ ಮುಗಿದವರು ನಿಕಟಪೂರ್ವ ಅಧ್ಯಕ್ಷರಾಗುತ್ತಾರೆ, ಆಮೇಲೆ ಗೌರವಾಧ್ಯಕ್ಷರು, ಆಮೇಲೆ ಸಲಹೆಗಾರರು, ಆಮೇಲೆ ವಿಶ್ವಸ್ಥರು. ಕುರ್ಚಿ ಬದಲಾಗುತ್ತದೆ, ವೇದಿಕೆ ಇಳಿಯುವುದಿಲ್ಲ.

ಹುಡುಗಿ ಬಿಡಲಿಲ್ಲ. “ಅಂಕಲ್, ಟು-ಡೇಟ್ ಬೇಕೇ ಬೇಕು. ಟ್ರಸ್ಟಿ ಚೇಂಜ್ ಆದ್ರೆ 90 ದಿವಸದ ಒಳಗೆ ಚ್ಯಾರಿಟಿ ಕಮಿಶನರ್ ಹತ್ರ ಚೇಂಜ್ ರಿಪೋರ್ಟ್ ಕೊಡಬೇಕಂತೆ, ಪಪ್ಪ ಹೇಳಿದ್ರು.”

ಪಪ್ಪ ಹೇಳಿದ್ದು ಸರಿ. ಮಹಾರಾಷ್ಟ್ರದ ಸಾರ್ವಜನಿಕ ವಿಶ್ವಸ್ಥ ಮಂಡಳಿಗಳ ಕಾಯ್ದೆಯ 22ನೇ ಕಲಮು ಹಾಗೇ ಹೇಳುತ್ತದೆ. ಕಾರ್ಯದರ್ಶಿಗಳು ಅಪ್ಪನ ಕಡೆ ಒಮ್ಮೆ ನೋಡಿದರು, ಆ ನೋಟದಲ್ಲಿ ಅಪ್ಪನ ಮುಂದಿನ ವರ್ಷದ ಜೊತೆ ಖಜಾಂಚಿ ಹುದ್ದೆ ಕರಗಿತು. ಮತ್ತೆ ಮೃದುವಾಗಿ ಹುಡುಗಿಗೆ ಹೇಳಿದರು: “ವರ್ಲಿಯ ಕಮಿಶನರ್ ಆಫೀಸಿಗೆ ಕೊಡುವ ಪಟ್ಟಿ ಬೇರೆ ಉಂಟು ಮಗಾ, ಅದನ್ನು ನಮ್ಮ ಸಿ.ಎ. ನೋಡಿಕೊಳ್ತಾರೆ. ಬ್ಯಾಂಕಿಗೆ ಕೊಡೋದು ಬೇರೆ, ಬೆಂಗಳೂರಿಗೆ ಕಳಿಸೋದು ಬೇರೆ. ಇದು ಬರೀ ನಮ್ಮ ಪಟ್ಟಿ. ಆ ‘ಎಂದಿನವರೆಗೆ’ ಕಾಲಮ್ಮು ತೆಗೆದುಬಿಡು, ನೋಡಲಿಕ್ಕೂ ಚೆಂದ ಇಲ್ಲ. ‘ಎಂದಿನಿಂದ’ ಸಾಕು.”